ಗೇರ್ ಬದಲಿಸಿದರೆ ಕಟಕಟ ಯಾಕೆ?

ತಾತ–ಮೊಮ್ಮಕ್ಕಳ ರಿಪೇರಿ ಅಂಗಳ

ಮಕ್ಕಳೇ, ಈ ವಾರದ ಪ್ರಶ್ನೆ ಮಲೆನಾಡಿನಿಂದ ಬಂದಿದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಬರೆದಿದ್ದಾಳೆ: "ನಮ್ಮ ತಾತನಿಗೆ ಮಂಡಿನೋವು. ಅದಕ್ಕೇ ಅಪ್ಪ ಅವರಿಗೆ ಬ್ಯಾಟರಿಯ ಮೌಂಟೇನ್ ಸೈಕಲ್ ಕೊಡಿಸಿದರು. ದಿನಾ ಸಂಜೆ ನಾವಿಬ್ಬರೂ ಗುಡ್ಡದ ದೇವಸ್ಥಾನದವರೆಗೆ ಸೈಕಲ್ಲಲ್ಲಿ ಹೋಗಿ ಬರುತ್ತಿದ್ದೆವು. ಮಳೆಗಾಲ ಮುಗಿದ ಮೇಲೆ ಏರಿನಲ್ಲಿ ಗೇರ್ ಬದಲಿಸಿದರೆ ಕಟಕಟ ಅನ್ನುತ್ತೆ, ಚೈನು ಜಾರುತ್ತೆ. ತಾತ ಬಿದ್ದುಬಿಟ್ಟಾರು ಅಂತ ಅಜ್ಜಿ ಈಗ ಸೈಕಲ್ ಮುಟ್ಟೋಕೇ ಬಿಡ್ತಿಲ್ಲ. ಏನು ಮಾಡೋದು?"

ಅಜ್ಜಿಯ ಹೆದರಿಕೆ ಸುಮ್ಮನೆ ಅಲ್ಲ. ಏರಿನಲ್ಲಿ ನಾವು ಪೆಡಲನ್ನು ಜೋರಾಗಿ ಒತ್ತುತ್ತೇವೆ. ಆಗ ಚೈನು ಜಾರಿದರೆ ಕಾಲು ತಟ್ಟನೆ ಕೆಳಗೆ ಬೀಳುತ್ತದೆ, ಮೈತೂಕ ತಪ್ಪುತ್ತದೆ. ಇಪ್ಪತ್ತರ ಹುಡುಗ ಸಾವರಿಸಿಕೊಂಡಾನು, ಎಪ್ಪತ್ತರ ತಾತನಿಗೆ ಕಷ್ಟ. ಹಾಗಾಗಿ ಸೈಕಲ್ ಸರಿಹೋಗುವವರೆಗೆ ಏರು ಬೇಡ. ಆದರೆ ಈ ರಿಪೇರಿಯ ಮುಕ್ಕಾಲು ಪಾಲು ಮನೆಯಂಗಳದಲ್ಲೇ ಆಗುತ್ತದೆ. ನೋಡುವ, ಎಣಿಸುವ ಕೆಲಸ ಮೊಮ್ಮಕ್ಕಳದು. ತಿರುಗಿಸುವ, ಬಿಗಿಮಾಡುವ ಕೆಲಸ ಹಿರಿಯರದು.

ಮೊದಲು ಬ್ಯಾಟರಿ ತೆಗೆಯಿರಿ

ಬ್ಯಾಟರಿ ಸೈಕಲ್ಲು ಮಾಮೂಲಿ ಸೈಕಲ್ಲಿನ ಹಾಗಲ್ಲ. ಪೆಡಲ್ ತಿರುಗಿದ್ದು ಗೊತ್ತಾದ ಕೂಡಲೇ ಮೋಟರು ಓಡುವಂತೆ ಇದನ್ನು ಮಾಡಿರುತ್ತಾರೆ. ಸ್ವಿಚ್ಚು ಹಾಕಿದ್ದಾಗ ಪೆಡಲನ್ನು ಕೈಯಿಂದ ತಿರುಗಿಸಿದರೂ ಸಾಕು, ಹಿಂದಿನ ಚಕ್ರ ಗಿರ್ರನೆ ಸುತ್ತಬಹುದು. ಆಗ ಬೆರಳು ಚೈನಿನ ಬಳಿ ಇದ್ದರೆ? ಆದ್ದರಿಂದ ಸ್ವಿಚ್ಚು ಆರಿಸಿ. ಬ್ಯಾಟರಿ ಕಳಚುವಂತಿದ್ದರೆ ಕಳಚಿ, ನೆರಳಿನಲ್ಲಿ ಒಣ ಜಾಗದಲ್ಲಿಡಿ. ಇಷ್ಟಾಗುವವರೆಗೆ ಯಾರೂ ಚೈನು ಮುಟ್ಟಬಾರದು.

ಸೈಕಲ್ಲಿನ ತೂಕ 20 ಕಿಲೋಗಿಂತ ಹೆಚ್ಚಿರಬಹುದು. ಅದನ್ನು ತಲೆಕೆಳಗು ಮಾಡಿದರೆ ಹ್ಯಾಂಡಲ್ ಮೇಲಿನ ಡಿಸ್‌ಪ್ಲೇ ಒಡೆಯುತ್ತದೆ. ಅದರ ಬದಲು ಅಂಗಳದ ಮರದ ಗಟ್ಟಿ ಕೊಂಬೆಗೆ ಹಗ್ಗ ಕಟ್ಟಿ, ಹಿಂದಿನ ಚಕ್ರ ನೆಲದಿಂದ ನಾಲ್ಕು ಬೆರಳು ಮೇಲೇಳುವಂತೆ ಸೀಟನ್ನು ತೂಗುಹಾಕಿ.

ಗೇರ್ ಕೆಲಸ ಮಾಡುವುದು ಹೇಗೆ?

ಹಿಂದಿನ ಚಕ್ರದ ನಡುವೆ ಚಿಕ್ಕದರಿಂದ ದೊಡ್ಡದರವರೆಗೆ ಹಲ್ಲುಚಕ್ರಗಳ ಸಾಲು ಕಾಣುತ್ತದಲ್ಲವೇ? ಅದರ ಕೆಳಗೆ ಎರಡು ಪುಟ್ಟ ಚಕ್ರಗಳಿರುವ ಒಂದು ಕೈ ಜೋತುಬಿದ್ದಿರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಡಿರೈಲರ್ ಎನ್ನುತ್ತಾರೆ. ಅದರೊಳಗಿನ ಸ್ಪ್ರಿಂಗು ಸಾಮಾನ್ಯವಾಗಿ ಚೈನನ್ನು ಚಿಕ್ಕ ಹಲ್ಲುಚಕ್ರದ ಕಡೆಗೆ ಎಳೆಯುತ್ತಿರುತ್ತದೆ. ನೀವು ಹ್ಯಾಂಡಲಿನ ಲಿವರ್ ಒತ್ತಿದಾಗ ಕೇಬಲ್ಲು ಅದನ್ನು ದೊಡ್ಡದರ ಕಡೆಗೆ ಎಳೆಯುತ್ತದೆ. ಸ್ಪ್ರಿಂಗಿಗೂ ಕೇಬಲ್ಲಿಗೂ ನಡೆಯುವ ಹಗ್ಗಜಗ್ಗಾಟವೇ ಗೇರು.

ಹಿಂದಿನ ಕಾಲದ ಗೇರ್ ಲಿವರಿನಲ್ಲಿ ಕ್ಲಿಕ್ ಇರಲಿಲ್ಲ. ಸವಾರನೇ ಕಿವಿಗೊಟ್ಟು, ಸದ್ದು ನಿಲ್ಲುವವರೆಗೆ ಲಿವರನ್ನು ಅತ್ತಿತ್ತ ಸರಿಸಬೇಕಿತ್ತು. 1984ರಲ್ಲಿ ಜಪಾನಿನ ಶಿಮಾನೊ ಕಂಪನಿ ತನ್ನ ರೇಸ್ ಸೈಕಲ್ ಬಿಡಿಭಾಗಗಳಲ್ಲಿ ಒಂದೊಂದು ಗೇರಿಗೆ ಒಂದೊಂದು ಕ್ಲಿಕ್ ಬರುವ ವ್ಯವಸ್ಥೆ ತಂದಿತು. ಈಗ ಮಕ್ಕಳ ಗೇರ್ ಸೈಕಲ್ಲಿನಲ್ಲೂ ಅದೇ ಇದೆ. ಅನುಕೂಲವೇನೋ ದೊಡ್ಡದು. ಆದರೆ ಕೇಬಲ್ಲು ಒಂದಿಷ್ಟು ಸಡಿಲವಾದರೂ ಕ್ಲಿಕ್ ಒಂದು ಕಡೆ, ಚೈನು ಇನ್ನೊಂದು ಕಡೆ! ಕಟಕಟ ಸದ್ದು ಹುಟ್ಟುವುದು ಹೀಗೆ.

ಒಂದು: ಕಣ್ಣಿನ ಪರೀಕ್ಷೆ

ಮೊಮ್ಮಕ್ಕಳೇ, ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ಡಿರೈಲರಿನ ಎರಡು ಪುಟ್ಟ ಚಕ್ರಗಳು ಒಂದರ ಕೆಳಗೊಂದು ನೇರವಾಗಿವೆಯೇ? ಕೆಳಗಿನದು ಕಡ್ಡಿಗಳ ಕಡೆಗೆ ವಾಲಿದ್ದರೆ, ಸೈಕಲ್ ಯಾವಾಗಲೋ ಬಲಮಗ್ಗುಲಿಗೆ ಬಿದ್ದು ಡಿರೈಲರ್ ನೇತಾಡುವ ಹ್ಯಾಂಗರ್ ಬಗ್ಗಿರಬಹುದು. ಆಗ ಕೇಬಲ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಹ್ಯಾಂಗರನ್ನು ಕೈಯಿಂದ ಬಗ್ಗಿಸಲೂ ಹೋಗಬೇಡಿ, ಮುರಿದೀತು. ಅಂಗಡಿಗೆ ಒಯ್ಯಿರಿ.

ಎರಡು: ಬಿರಡೆ ತಿರುಗಿಸುವುದು

ಡಿರೈಲರಿಗೆ ಕೇಬಲ್ ಸೇರುವ ಕಡೆ, ಇಲ್ಲವೇ ಹ್ಯಾಂಡಲಿನ ಲಿವರ್ ಹತ್ತಿರ, ಬೆರಳಿಂದ ತಿರುಗಿಸುವ ಒಂದು ಪುಟ್ಟ ಗುಂಡಿ ಇರುತ್ತದೆ. ತಂಬೂರಿಗೆ ಬಿರಡೆ ಹೇಗೋ ಗೇರಿಗೆ ಇದು ಹಾಗೆ. ತಂತಿ ಸಡಿಲವಾದರೆ ಅಪಸ್ವರ, ಕೇಬಲ್ ಸಡಿಲವಾದರೆ ಕಟಕಟ.

ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ. ತಾತ ಪೆಡಲನ್ನು ಕೈಯಿಂದ ಮುಂದಕ್ಕೆ ತಿರುಗಿಸುತ್ತಿರಲಿ, ಮೊಮ್ಮಗಳು ಲಿವರನ್ನು ಒಂದೇ ಒಂದು ಕ್ಲಿಕ್ ಒತ್ತಲಿ.

ಚೈನು ಪಕ್ಕದ ದೊಡ್ಡ ಹಲ್ಲುಚಕ್ರಕ್ಕೆ ಏರದೆ ತಡವರಿಸಿದರೆ ಕೇಬಲ್ ಸಡಿಲವಾಗಿದೆ ಎಂದರ್ಥ. ಪೆಡಲ್ ನಿಲ್ಲಿಸಿ, ಸೈಕಲ್ಲಿನ ಹಿಂದಿನಿಂದ ನೋಡುತ್ತಾ ಡಿರೈಲರಿನ ಗುಂಡಿಯನ್ನು ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ ಕಾಲು ಸುತ್ತು ತಿರುಗಿಸಿ. ಮತ್ತೆ ಪೆಡಲ್, ಮತ್ತೆ ಕ್ಲಿಕ್. ಸರಿಹೋಗುವವರೆಗೆ ಒಂದು ಸಲಕ್ಕೆ ಕಾಲೇ ಸುತ್ತು, ಅವಸರ ಬೇಡ.

ಏರುವಾಗ ಒಂದರ ಬದಲು ಎರಡು ಗೇರು ಹಾರಿದರೆ ಕೇಬಲ್ ಹೆಚ್ಚು ಬಿಗಿಯಾಗಿದೆ. ಆಗ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು.

ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವಾಗ ಮಾತ್ರ ಸೋಮಾರಿತನವೇ? ಮೊದಲು ಇದೇ ರೀತಿ ಸ್ವಲ್ಪ ಸಡಿಲಿಸಿ ನೋಡಿ. ಆಗಲೂ ಡಿರೈಲರ್ ಎಳೆದುಕೊಂಡು ಎಳೆದುಕೊಂಡು ಬಂದರೆ ಕೇಬಲ್ಲಿನ ಕೊಳವೆಯೊಳಗೆ ಮಳೆನೀರು, ಕೆಸರು ಸೇರಿ ತುಕ್ಕು ಹಿಡಿದಿರಬಹುದು. ಮಳೆಗಾಲ ಕಳೆದ ಸೈಕಲ್ಲಿಗೆ ಇದು ಮಾಮೂಲಿ ಕಾಯಿಲೆ. ಒಳಗಿನ ತಂತಿ, ಹೊರಗಿನ ಕೊಳವೆ ಎರಡನ್ನೂ ಹೊಸದು ಹಾಕಿಸುವುದೇ ಅದಕ್ಕೆ ಮದ್ದು.

ಡಿರೈಲರಿನ ಮೇಲೆ ಎರಡು ಸಣ್ಣ ಸ್ಕ್ರೂಗಳು ಕಾಣುತ್ತವೆ. ಕೈ ತುರಿಸುತ್ತದೆ, ಗೊತ್ತು! ಅವನ್ನು ಮುಟ್ಟಬೇಡಿ. ಚೈನು ಎರಡು ತುದಿಗಳಲ್ಲಿ ಆಚೆ ಬೀಳದಂತೆ ಕಾಯುವ ಬೇಲಿಗಳು ಅವು. ಬೇಲಿ ಸಡಿಲಾದರೆ ಚೈನು ಓಡುವ ಚಕ್ರದ ಕಡ್ಡಿಗಳೊಳಗೆ ಸಿಕ್ಕಿಕೊಳ್ಳಬಹುದು. ಚೈನು ಈಗಾಗಲೇ ತುದಿಯಲ್ಲಿ ಕಳಚಿ ಬೀಳುತ್ತಿದ್ದರೆ ಅದು ಮೆಕ್ಯಾನಿಕ್ ನೋಡುವ ಕೆಲಸ.

ಮೂರು: ಸ್ಕೇಲ್ ಹಿಡಿದು ಅಳೆಯಿರಿ

ಈಗ ಕಂಪಾಸ್ ಬಾಕ್ಸಿನ ಜೊತೆಗಾರನನ್ನು ತನ್ನಿ, 12 ಇಂಚಿನ ಸ್ಕೇಲು. ಸ್ಟೀಲಿನದಾದರೆ ಒಳ್ಳೆಯದು. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್ ದೂರ. ಹಾಗಾದರೆ 24 ಹೆಜ್ಜೆಗೆ? ಸರಿಯಾಗಿ 12 ಇಂಚು.

ಮೇಲ್ಭಾಗದ ಚೈನು ಬಿಗಿಯಾಗುವಂತೆ ಹಿರಿಯರು ಪೆಡಲನ್ನು ಮೆಲ್ಲಗೆ ಒತ್ತಿ ಹಿಡಿಯಲಿ. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟು, ಅಲ್ಲಿಂದ 24ನೇ ಪಿನ್ನಿನ ನಡು ಎಲ್ಲಿದೆ ನೋಡಿ. 12ರ ಮೇಲೇ ಇದ್ದರೆ ಚೈನು ಚೆನ್ನಾಗಿದೆ. ಒಂದೂವರೆ ಮಿಲಿಮೀಟರಿನಷ್ಟು ಮುಂದೆ ಹೋಗಿದ್ದರೆ ಚೈನು ಸವೆದಿದೆ, ಬದಲಿಸಿ. 3 ಮಿಲಿಮೀಟರ್ ದಾಟಿದ್ದರೆ ಹಲ್ಲುಚಕ್ರಗಳೂ ಸವೆದಿರುವುದು ಬಹುಮಟ್ಟಿಗೆ ಖಂಡಿತ. ಅವುಗಳ ಹಲ್ಲು ಹಕ್ಕಿಯ ಕೊಕ್ಕಿನ ಹಾಗೆ ಚೂಪಾಗಿ ವಾಲಿರುತ್ತದೆ. ಅಂಥ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೂ ಜಾರುತ್ತದೆ, ಎರಡನ್ನೂ ಒಟ್ಟಿಗೇ ಬದಲಿಸಬೇಕು.

ಇನ್ನೊಂದು ಗುರುತು: ಎಲ್ಲಾ ಗೇರಿನಲ್ಲೂ ಕಟಕಟ ಇದ್ದರೆ ಹೆಚ್ಚಾಗಿ ಕೇಬಲ್ ದೋಷ. ದಿನಾ ಬಳಸುವ ಒಂದೆರಡು ಗೇರಿನಲ್ಲಿ ಮಾತ್ರ, ಅದೂ ಜೋರಾಗಿ ತುಳಿದಾಗ ಜಾರಿದರೆ ಹೆಚ್ಚಾಗಿ ಸವೆತ.

ಮೋಟರ್ ಎಲ್ಲಿದೆ?

ಹಿಂದಿನ ಚಕ್ರದ ನಡುವೆ ದಪ್ಪ ಡಬ್ಬಿಯಂಥದ್ದು ಇದ್ದರೆ ಅದೇ ಮೋಟರು. ಅದು ಚಕ್ರವನ್ನೇ ನೇರವಾಗಿ ತಿರುಗಿಸುತ್ತದೆ, ಚೈನಿನ ಮೇಲೆ ಬೀಳುವುದು ನಿಮ್ಮ ಕಾಲಿನ ಬಲ ಮಾತ್ರ. ಇಂಥ ಚಕ್ರವನ್ನು ಮನೆಯಲ್ಲಿ ಬಿಚ್ಚಬೇಡಿ. ಅಚ್ಚಿನ ಪಕ್ಕದಿಂದ ಬರುವ ವೈರು ಜಗ್ಗಿದರೆ ಖರ್ಚು ದೊಡ್ಡದು.

ಮೋಟರು ಪೆಡಲಿನ ಬುಡದಲ್ಲೇ ಇದ್ದರೆ ಕತೆ ಬೇರೆ. ಕಾಲಿನ ಬಲ, ಮೋಟರಿನ ಬಲ ಎರಡನ್ನೂ ಪಾಪದ ಚೈನೇ ಹೊರಬೇಕು. ಅದು ಬೇಗ ಸವೆಯುತ್ತದೆ, ಭಾರದಲ್ಲಿ ಗೇರ್ ಬದಲಿಸಿದರೆ ತುಂಡಾಗಲೂಬಹುದು. ತಿಂಗಳಿಗೊಮ್ಮೆ ಸ್ಕೇಲ್ ಹಿಡಿಯಿರಿ.

ಸವಾರಿಯ ಪಾಠ ಎರಡಕ್ಕೂ ಒಂದೇ. ಏರು ಶುರುವಾಗುವ ಮೊದಲೇ ಗೇರ್ ಬದಲಿಸಿ. ಬದಲಿಸುವಾಗ ಪೆಡಲ್ ತಿರುಗುತ್ತಿರಲಿ, ಆದರೆ ಒತ್ತಡ ಬೇಡ. ಒಂದು ಸಲಕ್ಕೆ ಒಂದೇ ಕ್ಲಿಕ್. ನಿಂತ ಸೈಕಲ್ಲಿನಲ್ಲಿ ಲಿವರ್ ಒತ್ತಿ ಆಟ ಆಡಬೇಡಿ.

ಎಣ್ಣೆಯ ವಿಚಾರ

ಅಜ್ಜಿಯಂದಿರೇ, ಕೊಬ್ಬರಿ ಎಣ್ಣೆ ಜಡೆಗೇ ಇರಲಿ. ಸುಮಾರು 24 ಡಿಗ್ರಿಗಿಂತ ಚಳಿಯಾದರೆ ಅದು ಗಟ್ಟಿಯಾಗುತ್ತದೆ, ಧೂಳನ್ನೂ ಹಿಡಿಯುತ್ತದೆ. ಸೈಕಲ್ ಅಂಗಡಿಯಲ್ಲಿ ಸಿಗುವ ಚೈನ್ ಎಣ್ಣೆ ತನ್ನಿ. ಮೊದಲು ಹಳೆಯ ಬನಿಯನ್ ಬಟ್ಟೆಯಿಂದ ಚೈನು ಒರೆಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಡಿ, ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆಯನ್ನು ಮತ್ತೆ ಒರೆಸಿ. ಡಿಸ್ಕ್ ಬ್ರೇಕಿನ ತಟ್ಟೆಗೆ ಒಂದು ಹನಿಯೂ ತಾಗಬಾರದು, ತಾಗಿದರೆ ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದಿಲ್ಲ. ತೊಳೆಯುವಾಗ ಪೈಪಿನಿಂದ ಜೋರು ನೀರು ಹಾಯಿಸಬೇಡಿ, ಒದ್ದೆ ಬಟ್ಟೆ ಸಾಕು.

ಎಲ್ಲ ಮುಗಿದ ಮೇಲೆ ಬ್ಯಾಟರಿ ಹಾಕಿ, ಮೊದಲು ಸಮತಟ್ಟು ರಸ್ತೆಯಲ್ಲಿ ಎಲ್ಲಾ ಗೇರುಗಳನ್ನೂ ಪರೀಕ್ಷಿಸಿ. ಅಲ್ಲಿ ಸದ್ದಿಲ್ಲದೆ ಓಡಿದರೆ ಮರುದಿನ ಸಣ್ಣ ಏರು. ಅದೂ ಸರಿಹೋದರೆ ಗುಡ್ಡ.

ಈ ವಾರದ ಲೆಕ್ಕ

ಮುಂದಿನ ಹಲ್ಲುಚಕ್ರಕ್ಕೆ 42 ಹಲ್ಲು, ಹಿಂದಿನ ಅತಿ ಚಿಕ್ಕದಕ್ಕೆ 14. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ 3 ಸುತ್ತು ತಿರುಗುತ್ತದೆ. ಈಗ ಚೈನನ್ನು 28 ಹಲ್ಲಿನ ಅತಿ ದೊಡ್ಡದಕ್ಕೆ ಏರಿಸಿದರೆ ಎಷ್ಟು ಸುತ್ತು? ಏರಿನಲ್ಲಿ ಈ ಗೇರೇ ಮಂಡಿಗೆ ಹಿತ ಯಾಕೆ? ಮೊದಲು ಕಾಗದದ ಮೇಲೆ ಲೆಕ್ಕ ಮಾಡಿ. ಆಮೇಲೆ ಚಕ್ರದ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಪೆಡಲನ್ನು ನಿಧಾನವಾಗಿ ಒಂದೇ ಸುತ್ತು ತಿರುಗಿಸಿ ತಾತನ ಎದುರು ಎಣಿಸಿ ತೋರಿಸಿ. ನೆನಪಿದೆಯಲ್ಲ, ಬ್ಯಾಟರಿ ತೆಗೆದ ಮೇಲೆ!