ಕ್ರಿಯಾಟಿನಿನ್ ಸರಿ ಇದ್ದಾಗ ಸೂಜಿ ಯಾಕೆ?

ಅಪ್ಪನಿಗೆ ಅಮ್ಮನ ಕಿಡ್ನಿ ಕೂರಿಸಿ ಮೂರು ತಿಂಗಳಾಗಿತ್ತು. ಕ್ರಿಯಾಟಿನಿನ್ 1.2. ನಮ್ಮನೇಲಿ ಆ ಸಂಖ್ಯೆಗೆ ಕ್ರಿಕೆಟ್ ಸ್ಕೋರಿಗಿಂತ ಹೆಚ್ಚು ಮರ್ಯಾದೆ. ಅಂಥದ್ದರಲ್ಲಿ ಡಾಕ್ಟರು, "ಒಂದು ಬಯಾಪ್ಸಿ ಮಾಡೋಣ" ಅಂದರು.

ಚೆನ್ನಾಗಿ ಓಡ್ತಿರೋ ಕೋಡನ್ನು ಮುಟ್ಟಬಾರದು ಅನ್ನೋದು ನಮ್ಮ ಕಸುಬಿನ ಮೊದಲ ಪಾಠ. "ಎಲ್ಲಾ ಸರಿ ಇರುವಾಗ ಚುಚ್ಚೋದ್ಯಾಕೆ ಸರ್? ರಕ್ತಸ್ರಾವ ಆದ್ರೆ?" ಅಂತ ಸ್ವಲ್ಪ ಜೋರಾಗೇ ಕೇಳಿದೆ.

"ಕ್ರಿಯಾಟಿನಿನ್ ಏರೋ ಹೊತ್ತಿಗೆ ಒಳಗೆ ಸಾಕಷ್ಟು ಹಾಳಾಗಿರುತ್ತಪ್ಪಾ" ಅಂದರು.

ರಾತ್ರಿ ಕೂತು ಓದಿದೆ. ಸೂಜಿಯಲ್ಲಿ ಬರೋದು ದಾರದಂಥ ಒಂದು ಎಳೆ. ಅದರಲ್ಲಿ ಉರಿಯೂತ ಎಷ್ಟು, ಗಾಯ ಮಾಯ್ದ ಕಲೆಯಂಥ ಫೈಬ್ರೋಸಿಸ್ ಎಷ್ಟು ಅಂತ ನೋಡಿ ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ ಕೊಡ್ತಾರೆ. 1991ರಲ್ಲಿ ಕೆನಡಾದ ಬ್ಯಾನ್ಫ್ ಅನ್ನೋ ಊರಲ್ಲಿ ತಜ್ಞರು ಸೇರಿ ಶುರು ಮಾಡಿದ ಪದ್ಧತಿ ಇದು. ಉರಿಯೂತಕ್ಕೆ ಔಷಧಿ ಉಂಟು. ಕಲೆ ಮಾತ್ರ ಒಮ್ಮೆ ಕೂತರೆ ಕೂತಂತೆಯೇ.

2016ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಒಂದು ಅಧ್ಯಯನದಲ್ಲಿ, ಮೂರನೇ ತಿಂಗಳ ಬಯಾಪ್ಸಿಯ 13 ಜೀನ್‌ಗಳ ಚಟುವಟಿಕೆ ನೋಡಿ, ವರ್ಷದ ಹೊತ್ತಿಗೆ ಯಾರ ಕಿಡ್ನಿಯಲ್ಲಿ ಕಲೆ ಹೆಚ್ಚಬಹುದು ಅಂತ ಅಂದಾಜಿಸಿದ್ದರು. 2019ರಲ್ಲಿ ಪ್ಯಾರಿಸ್ಸಿನ ತಂಡ 'ಐಬಾಕ್ಸ್' ಅನ್ನೋ ಲೆಕ್ಕಾಚಾರ ತಂದಿತು. ಬಯಾಪ್ಸಿ ಅಂಕದ ಜೊತೆ ಕಿಡ್ನಿ ಸೋಸುವ ವೇಗ, ಮೂತ್ರದ ಪ್ರೋಟೀನ್, ದಾನಿಯ ಅಂಗದ ವಿರುದ್ಧ ಹುಟ್ಟಿದ ಆಂಟಿಬಾಡಿ ಎಲ್ಲಾ ಸೇರಿಸಿ ಮೂರು, ಐದು, ಏಳು ವರ್ಷದ ಅಂದಾಜು ಹೇಳುತ್ತೆ. ಅಂದಾಜು ಅಷ್ಟೇ, ಹಾಲಿನ ಪ್ಯಾಕೆಟ್ ಮೇಲಿನ ತಾರೀಖಲ್ಲ. ಹಾಗಾಗಿ ಅಪ್ಪನ ನಂಬರು ಹಾಕಿ ನೋಡೋ ಚಪಲ ಬಂದರೂ ಲ್ಯಾಪ್‌ಟಾಪ್ ಮುಚ್ಚಿದೆ. (ಧೈರ್ಯ ಸಾಲಲಿಲ್ಲ ಅಂದ್ರೂ ಸರಿ.)

ರಿಪೋರ್ಟ್ ಬಂತು. ರಿಜೆಕ್ಷನ್ ಇಲ್ಲ, ಫೈಬ್ರೋಸಿಸ್ 1. ಡಾಕ್ಟರು ಹಳೇ ರಕ್ತಪರೀಕ್ಷೆ ತಿರುವಿ ಹಾಕಿ, "ಟ್ಯಾಕ್ರೋಲಿಮಸ್ ಮಟ್ಟ ಏರಿಳಿತ ಆಗ್ತಿದೆಯಲ್ಲ, ಮಾತ್ರೆ ಸರಿಯಾಗಿ ಹನ್ನೆರಡು ಗಂಟೆಗೊಮ್ಮೆ ತಗೋತೀರಾ?" ಅಂದರು.

ಅಪ್ಪ ನೆಲ ನೋಡಿದರು. "ಮ್ಯಾಚ್ ಇದ್ದಾಗ ಸ್ವಲ್ಪ ಲೇಟಾಗುತ್ತೆ."

ಅಮ್ಮ ಅಲ್ಲೇನೂ ಅನ್ನಲಿಲ್ಲ. ಆಟೋದಲ್ಲಿ ಕೂತ ಮೇಲೆ, "ರೀ, ಅದು ನಂದೂ ಹೌದು" ಅಂದರು, ಅಷ್ಟೇ.

ಈಗ ರಾತ್ರಿ ಎಂಟರ ಅಲಾರಂ ಹೊಡೆಯೋದು ಅಮ್ಮನ ಫೋನಲ್ಲಿ.