ಜೋನಿ ಬೆಲ್ಲದ ತಳದಲ್ಲಿ ಹರಳು ಕಂಡರೆ ಸಕ್ಕರೆ ಬೆರೆಸಿದ್ದಾರೆ ಎಂದರ್ಥವೇ?

ಜೋನಿ ಬೆಲ್ಲದ ಡಬ್ಬದ ತಳದಲ್ಲಿ ಮರಳಿನಂಥ ಹರಳು ಸಿಕ್ಕರೆ ಅದಕ್ಕೆ ಸಕ್ಕರೆ ಬೆರೆಸಿದ್ದಾರೆ, ಅಂಥ ಬೆಲ್ಲವನ್ನು ವಾಪಸ್ ಮಾಡಿ. ಆಲೆಮನೆಗಳ ಕಾಲ ಬಂತೆಂದರೆ ಈ ಮಾತು ಒಂದಲ್ಲ ಒಂದು ರೂಪದಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ. ನಿಮ್ಮ ಮೊಬೈಲಿಗೂ ಬಂದಿರಬಹುದು, ನೀವೂ ನಾಲ್ಕು ಜನಕ್ಕೆ ಕಳಿಸಿರಬಹುದು.

ಸೊರಬ, ಶಿಕಾರಿಪುರದ ಕಡೆ ಇದು ಬರೀ ಬೆಲ್ಲದ ವಿಚಾರವಲ್ಲ. ಇಲ್ಲಿ ಜೋನಿ ಬೆಲ್ಲ ಬ್ರ್ಯಾಂಡಿನ ಹೆಸರು ಹೊತ್ತ ಬಾಟಲಿಯಲ್ಲಿ ಬರುವುದು ಕಡಿಮೆ. ಪಕ್ಕದ ಊರಿನವರ, ನೆಂಟರ, ಪರಿಚಯದವರ ಆಲೆಮನೆಯಿಂದ ತಗಡಿನ ಡಬ್ಬದಲ್ಲಿ ಬರುತ್ತದೆ. ಹರಳು ಕಂಡ ದಿನ ಕಳ್ಳ ಎನಿಸಿಕೊಳ್ಳುವವರು ಯಾವುದೋ ಕಂಪನಿಯವರಲ್ಲ, ಮುಖಪರಿಚಯ ಇರುವ ಮನುಷ್ಯರು. ಅಡಿಕೆ, ಶುಂಠಿ, ಮೆಕ್ಕೆಜೋಳದ ನಡುವೆ ಕಬ್ಬು ಉಳಿಸಿಕೊಂಡವರೇ ಕಡಿಮೆ, ಅದರಲ್ಲೂ ಆಲೆಮನೆ ಹೂಡುವವರು ಇನ್ನೂ ಕಡಿಮೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇವೆ: ಹರಳು ಕಲಬೆರಕೆಗೆ ಸಾಕ್ಷಿಯಲ್ಲ. ಎಷ್ಟೋ ಸಲ ಒಳ್ಳೆಯ ಕಬ್ಬಿನಿಂದ, ಹೊತ್ತಿಗೆ ಸರಿಯಾಗಿ ಮಾಡಿದ ಬೆಲ್ಲವೇ ಬೇಗ ಹರಳುಗಟ್ಟುತ್ತದೆ.

ಯಾಕೆ ಎಂದು ತಿಳಿಯಲು ಜೋನಿ ಬೆಲ್ಲ ಅಂದರೆ ಏನೆಂಬುದನ್ನು ನೋಡಬೇಕು. ಅದು ಕಬ್ಬಿನ ಹಾಲಿನಿಂದ ನೀರು ತೆಗೆದ ಪಾಕ, ಅಷ್ಟೆ. ಒಳ್ಳೆಯ ಕಬ್ಬಿನ ಹಾಲಿನಲ್ಲಿ ಸುಮಾರು ಶೇ 18ರಷ್ಟು ಸಕ್ಕರೆ ಮತ್ತಿತರ ಕರಗಿದ ಅಂಶ ಇರುತ್ತದೆ, ಉಳಿದದ್ದು ನೀರು. ಕಾಯಿಸುತ್ತಾ ಹೋಗಿ ನೀರು ಶೇ 30ರ ಆಸುಪಾಸಿಗೆ ಇಳಿದಾಗ ಕೊಪ್ಪರಿಗೆ ಇಳಿಸಿದರೆ ಜೋನಿ ಬೆಲ್ಲ. ಇಳಿಸದೆ ಇನ್ನೂ ಕಾಯಿಸಿ ಅಚ್ಚಿಗೆ ಹೊಯ್ದರೆ ಅಚ್ಚು ಬೆಲ್ಲ, ಕೈಯಲ್ಲಿ ಕಟ್ಟಿದರೆ ಉಂಡೆ ಬೆಲ್ಲ. ಎಲ್ಲ ಒಂದೇ ಹಾಲು, ಇಳಿಸುವ ಹೊತ್ತು ಮಾತ್ರ ಬೇರೆ.

ವಿದೇಶದಲ್ಲಿರುವ ಮಕ್ಕಳು ಊರಿಗೆ ಬರುವಾಗ ತರುವ ಮೇಪಲ್ ಸಿರಪ್ ಎಂಬ ಬಾಟಲಿಯನ್ನು ನೋಡಿರಬಹುದು. ಕೆನಡಾ ಮತ್ತು ಅಮೆರಿಕದ ಈಶಾನ್ಯ ಭಾಗದಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಮೇಪಲ್ ಮರದ ಕಾಂಡಕ್ಕೆ ತೂತು ಕೊರೆದು, ಒಸರುವ ರಸ ಹಿಡಿದು, ಕಾಯಿಸಿ ಮಾಡುವ ಪಾಕ ಅದು. ಅಲ್ಲಿ ಹಿತ್ತಿಲಲ್ಲಿ ನಾಲ್ಕು ಮರ ಇದ್ದವರೂ ಹವ್ಯಾಸಕ್ಕೆಂದು ಮಾಡಿಕೊಳ್ಳುತ್ತಾರೆ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಕರಗುವ ಬಿಸಿಲು, ಎರಡೂ ಇದ್ದರೆ ಮಾತ್ರ ರಸ ಚೆನ್ನಾಗಿ ಒಸರುವುದರಿಂದ ನಮ್ಮ ಮಲೆನಾಡಿನಲ್ಲಿ ಅದು ಆಗದ ಮಾತು. ಆದರೆ ಕೆಲಸ ಥೇಟ್ ಆಲೆಮನೆಯದೇ. ಮೇಪಲ್ ರಸದಲ್ಲಿ ಸಕ್ಕರೆ ಇರುವುದು ಶೇ 2ರ ಸುತ್ತ. ಒಂದು ಲೀಟರ್ ಪಾಕಕ್ಕೆ 40 ಲೀಟರಿನಷ್ಟು ರಸ ಬೇಕು. ಕಬ್ಬಿನ ಹಾಲಾದರೆ ಐದು ಲೀಟರಿಗೆ ಒಂದು ಲೀಟರ್ ಜೋನಿ ಬೆಲ್ಲ! ಅಷ್ಟಾಗಿಯೂ ಆ ಬಾಟಲಿಯನ್ನು ಶೋಕೇಸಿನಲ್ಲಿಟ್ಟು ಈ ಡಬ್ಬವನ್ನು ಅಟ್ಟಕ್ಕೆ ಹಾಕುತ್ತೇವೆ.

ಮೇಪಲ್ ಪಾಕಕ್ಕೆ ಕೆನಡಾದಲ್ಲಿ ಒಂದು ಕಟ್ಟುನಿಟ್ಟಿನ ಅಳತೆ ಇದೆ. ಅದರಲ್ಲಿ ಕರಗಿದ ಅಂಶ ಕನಿಷ್ಠ ಶೇ 66 ಇರಲೇಬೇಕು. ಈ 66 ಎಲ್ಲಿಂದ ಬಂತು ಎಂಬುದರಲ್ಲೇ ನಮ್ಮ ಡಬ್ಬದ ತಳದ ಹರಳಿಗೂ ಉತ್ತರ ಇದೆ.

20 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ನೀರಿಗೆ ಸಕ್ಕರೆ ಕರಗಿಸುತ್ತಾ ಹೋದರೆ, ದ್ರಾವಣದ ತೂಕದಲ್ಲಿ ಸುಮಾರು ಶೇ 67 ಸಕ್ಕರೆ ಆಗುವವರೆಗೆ ಕರಗುತ್ತದೆ. ಆಮೇಲೆ ಹಾಕಿದ್ದು ಹಾಗೇ ತಳದಲ್ಲಿ ಕೂರುತ್ತದೆ. ಬಿಸಿ ಇರುವಾಗ ಹೆಚ್ಚು ಕರಗುತ್ತದೆ, ತಣ್ಣಗಾದಾಗ ಆ ಹೆಚ್ಚಿನದು ಹರಳಾಗಿ ಹೊರಬರುತ್ತದೆ. ಅಂದರೆ ಪಾಕವನ್ನು 67ಕ್ಕಿಂತ ಗಟ್ಟಿಯಾಗಿ ಕಾಯಿಸಿದರೆ ಹರಳಿನ ಕಾಟ, ಅದಕ್ಕಿಂತ ತೀರಾ ನೀರಾಗಿ ಇಳಿಸಿದರೆ ಹುಳಿಯ ಕಾಟ. ನೀರು ಹೆಚ್ಚಿದ್ದರೆ ಯೀಸ್ಟ್ ಬೆಳೆದು ನೊರೆ ಬರುತ್ತದೆ, ಹೆಂಡದ ವಾಸನೆ ಹೊಡೆಯುತ್ತದೆ, ಡಬ್ಬದ ಮುಚ್ಚಳ ಉಬ್ಬುತ್ತದೆ. ಮೇಪಲ್‌ನವರು ಈ ಎರಡರ ನಡುವಿನ ಗೆರೆಯ ಮೇಲೆ ನಿಲ್ಲುತ್ತಾರೆ. ಹಾಗಿದ್ದೂ ಹಳೆಯ ಮೇಪಲ್ ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆಯಂಥ ಹರಳು ಕಟ್ಟುವುದುಂಟು.

ಜೋನಿ ಬೆಲ್ಲ ಶೇ 70ರಷ್ಟು ಗಟ್ಟಿ ಇರುತ್ತದಲ್ಲ, ಹಾಗಾದರೆ ಎಲ್ಲ ಡಬ್ಬವೂ ಹರಳುಗಟ್ಟಬೇಕಿತ್ತಲ್ಲವೇ ಎಂದು ನೀವು ಕೇಳಬಹುದು. ಕಬ್ಬಿನ ಹಾಲು ಸ್ವಲ್ಪ ಹುಳಿ ಗುಣದ್ದು. ಹುಳಿಯಲ್ಲಿ ಕಾದಾಗ ಸಕ್ಕರೆಯ ಒಂದು ಪಾಲು ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಈ ಎರಡು ಸಕ್ಕರೆಗಳು ಹರಳುಗಟ್ಟುವುದಕ್ಕೆ ಅಡ್ಡಗಾಲು ಹಾಕುತ್ತವೆ. ಅವು ಸಾಕಷ್ಟಿದ್ದರೆ 70 ದಾಟಿದ ಬೆಲ್ಲವೂ ವರ್ಷವಿಡೀ ಜೇನಿನಂತೆ ಹರಿಯುತ್ತದೆ. ಕಡಿಮೆ ಇದ್ದರೆ ಚಳಿಗಾಲ ಕಾಲಿಡುವ ಹೊತ್ತಿಗೆ ತಳ ಮರಳು ಮರಳಾಗುತ್ತದೆ.

ಒಡೆಯುವ ಪಾಲು ಕಡಿಮೆ ಇರುವುದು ಯಾವಾಗ? ಕಬ್ಬು ಚೆನ್ನಾಗಿ ಬಲಿತಿದ್ದಾಗ, ಕಡಿದ ದಿನವೇ ಗಾಣಕ್ಕೆ ಕೊಟ್ಟಾಗ, ಹುಳಿ ಮುರಿಯುವಷ್ಟು ಸುಣ್ಣ ಬಿದ್ದಾಗ. ಕಡಿದು ಎರಡು ಮೂರು ದಿನ ಬಿಸಿಲಿನಲ್ಲಿ ಬಿದ್ದ ಕಬ್ಬಿನಲ್ಲಿ ಸಕ್ಕರೆ ತಾನಾಗಿಯೇ ಒಡೆದಿರುತ್ತದೆ. ಅದರಿಂದ ಉಂಡೆ ಕಟ್ಟುವುದೇ ಕಷ್ಟ, ಜೋನಿ ಮಾತ್ರ ಹರಳಿಲ್ಲದೆ ನುಣುಪಾಗಿ ಬರುತ್ತದೆ. ಫಾರ್ವರ್ಡ್ ಹೇಳಿದಂತೆ ನಡೆದರೆ ಹಳಸಿದ ಕಬ್ಬಿನವನು ಪಾಸು, ತಾಜಾ ಕಬ್ಬಿನವನು ಫೇಲು.

ಮನೆಯಲ್ಲೇ ಮಾಡಿ ನೋಡುವವರಿಗೆ

ಹಿತ್ತಿಲಲ್ಲಿ ನಾಲ್ಕು ಬುಡ ಕಬ್ಬು ಬೆಳೆದು, ಜ್ಯೂಸ್ ಅಂಗಡಿಯ ಮಷಿನ್‌ನಲ್ಲಿ ಹಿಂಡಿಸಿ ತಂದು, ಮನೆಯ ಒಲೆಯಲ್ಲೇ ಜೋನಿ ಮಾಡುವ ಉತ್ಸಾಹಿಗಳಿದ್ದಾರೆ. ಮಾಡಬಹುದು. ಹಾಲನ್ನು ಬಟ್ಟೆಯಲ್ಲಿ ಸೋಸಿ ಕಾಯಲಿಡಬೇಕು. ಕುದಿ ಬರುವ ಮುನ್ನ ಮೇಲೆ ಕಟ್ಟುವ ಕೊಳೆಯನ್ನು ಜಾಲರಿ ಸೌಟಿನಲ್ಲಿ ತೆಗೆಯುತ್ತಿರಬೇಕು. ಬೆಂಡೆ ಗಿಡದ ಕಾಂಡವನ್ನು ಜಜ್ಜಿ ನೀರಲ್ಲಿ ನೆನೆಸಿದ ಲೋಳೆ ಹಾಕಿದರೆ ಕೊಳೆ ಒಟ್ಟುಗೂಡಿ ಮೇಲೆ ಬರುತ್ತದೆ. ಇದು ಹಳೆಯ ಪದ್ಧತಿ, ಕೆಲಸವನ್ನೂ ಮಾಡುತ್ತದೆ. ಸುಣ್ಣದ ತಿಳಿ ಒಂದೆರಡು ಚಮಚ ಸಾಕು. ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ.

ಖರ್ಚಿನ ಅಂದಾಜು ಮೊದಲೇ ಇರಲಿ. 10 ಲೀಟರ್ ಹಾಲಿನಿಂದ ಸುಮಾರು ಎರಡೂ ಮುಕ್ಕಾಲು ಕೆಜಿ ಜೋನಿ ಬರುತ್ತದೆ, ಅಂದರೆ ಹತ್ತಿರ ಹತ್ತಿರ 8 ಲೀಟರ್ ನೀರನ್ನು ಆವಿ ಮಾಡಬೇಕು. ಅಡುಗೆ ಗ್ಯಾಸಿನಲ್ಲಿ ಮಾಡಿದರೆ ನಮ್ಮ ಲೆಕ್ಕದಲ್ಲಿ ಮುಕ್ಕಾಲು ಕೆಜಿಯಷ್ಟು ಗ್ಯಾಸ್ ಬೇಕು, ನಾಲ್ಕೈದು ಗಂಟೆ ಒಲೆ ಉರಿಯಬೇಕು. ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯೇ ಸೌದೆ. ಈ ಆವಿಯೆಲ್ಲ ಅಡುಗೆಮನೆಯ ಗೋಡೆಗೆ ಕೂರುವುದರಿಂದ ಅಂಗಳದ ಒಲೆಯೇ ವಾಸಿ. ಕೊನೆಯ ಹಂತದಲ್ಲಿ ಪಾಕ ಉಕ್ಕಿ ಮೇಲೇರುತ್ತದೆ, ಪಾತ್ರೆ ದೊಡ್ಡದಿರಲಿ, ಒಂದು ತೊಟ್ಟು ಅಡುಗೆ ಎಣ್ಣೆ ಬಿಟ್ಟರೆ ನೊರೆ ಇಳಿಯುತ್ತದೆ. ಮಕ್ಕಳನ್ನು ದೂರ ಇಡಿ. ಬಿಸಿ ಪಾಕ ಕುದಿನೀರಿಗಿಂತ ಬಿಸಿ, ಮೈಗೆ ಬಿದ್ದರೆ ಜಾರಿ ಹೋಗದೆ ಅಂಟಿಕೊಂಡು ಸುಡುತ್ತದೆ. ಬಿದ್ದರೆ ತಣ್ಣೀರನ್ನು 20 ನಿಮಿಷ ಹರಿಸಿ, ಟೂತ್‌ಪೇಸ್ಟ್ ಹಚ್ಚಬೇಡಿ, ಆಮೇಲೆ ಡಾಕ್ಟರಿಗೆ ತೋರಿಸಿ.

ಹದ ತಿಳಿಯುವುದೇ ಕಷ್ಟದ ಕೆಲಸ. ಪಳಗಿದವರು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ನೋಡುತ್ತಾರೆ. ಉಂಡೆಯಾಗಿ ಕೈಗೆ ಸಿಕ್ಕರೆ ಅದು ಉಂಡೆ ಬೆಲ್ಲದ ಹದ. ಜೋನಿಯ ಹದದಲ್ಲಿ ತೊಟ್ಟು ತಳಕ್ಕಿಳಿದು ಮೆಲ್ಲಗೆ ಹರಡುತ್ತದೆ. ಥರ್ಮಾಮೀಟರ್ ನಂಬುವವರು ಒಂದು ವಿಷಯ ಗಮನಿಸಬೇಕು. ಯೂಟ್ಯೂಬ್ ವಿಡಿಯೊಗಳಲ್ಲಿ 105ರಿಂದ 106 ಡಿಗ್ರಿಗೆ ಇಳಿಸಿ ಎನ್ನುತ್ತಾರೆ. ಅದು ನೀರು 100 ಡಿಗ್ರಿಗೆ ಕುದಿಯುವ ಜಾಗದ ಲೆಕ್ಕ. ಸೊರಬ, ಶಿಕಾರಿಪುರ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿವೆ. ಇಲ್ಲಿ ನೀರು ಕುದಿಯುವುದೇ 98ರ ಸುತ್ತ. ಹಾಗಾಗಿ ಮೊದಲು ಬರೀ ನೀರು ಕುದಿಸಿ ಥರ್ಮಾಮೀಟರ್ ಏನು ತೋರಿಸುತ್ತದೆ ನೋಡಿ, ಅದಕ್ಕಿಂತ 5ರಿಂದ 6 ಡಿಗ್ರಿ ಮೇಲೆ ಹೋದಾಗ ಇಳಿಸಿ. ಮೇಪಲ್‌ನವರೂ ಹೀಗೇ ಮಾಡುವುದು, ಅವರಿಗೆ 4 ಡಿಗ್ರಿ ಸಾಕು. ವಿಡಿಯೊ ಹೇಳಿದ ಅಂಕಿಯನ್ನೇ ಹಿಡಿದರೆ ಎರಡು ಡಿಗ್ರಿ ಹೆಚ್ಚು ಕಾಯಿಸಿದಂತಾಗುತ್ತದೆ. ಆಮೇಲೆ ಸ್ವಂತ ಕೈಯಾರೆ ಮಾಡಿದ, ಸಕ್ಕರೆಯ ಒಂದು ಕಾಳೂ ಬೀಳದ ಬೆಲ್ಲ ತಳದಲ್ಲಿ ಹರಳು ಕಟ್ಟಿಕೊಂಡು ಕೂತಿರುತ್ತದೆ.

ಕೊಂಡು ತಂದ ಬೆಲ್ಲ ನೀರಾಗಿದೆಯೇ ಎಂದು ನೋಡಲು ತಕ್ಕಡಿ ಸಾಕು. ಗುಳ್ಳೆ ಇಲ್ಲದ 100 ಮಿಲಿಲೀಟರ್ ಜೋನಿ ಸುಮಾರು 135 ಗ್ರಾಂ ತೂಗಬೇಕು. 130ಕ್ಕಿಂತ ಕಡಿಮೆ ಬಂದರೆ ನೀರು ಹೆಚ್ಚಿದೆ, ಬೇಗ ಹುಳಿಯುತ್ತದೆ ಎಂದು ಲೆಕ್ಕ. ಆದರೆ ಈ ತೂಕ ತಿಳಿಸುವುದು ನೀರಿನ ವಿಚಾರ ಮಾತ್ರ, ಸಕ್ಕರೆ ಬೆರೆಸಿದ್ದಾರೋ ಇಲ್ಲವೋ ಎಂಬುದನ್ನಲ್ಲ.

ಹಾಗಾದರೆ ಕಲಬೆರಕೆ ಇಲ್ಲವೇ?

ಇದೆ. ಅಗ್ಗದ ಸಕ್ಕರೆಯನ್ನು ಕೊಪ್ಪರಿಗೆಗೆ ಸುರಿದು ಬೆಲ್ಲದ ತೂಕ ಹೆಚ್ಚಿಸುವುದು ನಡೆಯುತ್ತದೆ. ಬಣ್ಣ ಹಳದಿಯಾಗಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದೂ ಇದೆ. ಆದರೆ ಸಕ್ಕರೆ ಬೆರಕೆಯನ್ನು ಮನೆಯಲ್ಲಿ ಹಿಡಿಯುವ ಉಪಾಯ ಇಲ್ಲ. ಪ್ರಯೋಗಾಲಯಕ್ಕೂ ಅದು ಕಷ್ಟದ್ದೇ. ಮೇಪಲ್ ಪಾಕಕ್ಕೋ ಜೇನಿಗೋ ಕಬ್ಬಿನ ಸಕ್ಕರೆ ಬೆರೆಸಿದರೆ ಇಂಗಾಲದ ಐಸೊಟೋಪ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, ಏಕೆಂದರೆ ಕಬ್ಬು ಇಂಗಾಲವನ್ನು ಹೀರಿಕೊಳ್ಳುವ ದಾರಿಯೇ ಬೇರೆ, ಅದರ ಗುರುತು ಸಕ್ಕರೆಯಲ್ಲಿ ಉಳಿಯುತ್ತದೆ. ಬೆಲ್ಲಕ್ಕೆ ಸಕ್ಕರೆ ಬೆರೆಸಿದಾಗ ಎರಡೂ ಕಬ್ಬಿನಿಂದಲೇ ಬಂದವು. ಗುರುತೂ ಒಂದೇ.

ನಿಂಬೆರಸ ಹಿಂಡಿದಾಗ ನೊರೆ ಬಂದರೆ ನಕಲಿ ಎಂಬ ಮಾತಿದೆ. ನೊರೆ ತೋರಿಸುವುದು ಸೋಡಾ ಪುಡಿಯಂಥ ಕ್ಷಾರ ಇದೆ ಎಂಬುದನ್ನು. ಆಹಾರಕ್ಕೆ ಯೋಗ್ಯವಾದ ಸೋಡಾ ಪುಡಿಯನ್ನು ಕೊಳೆ ತೆಗೆಯಲು ಬಳಸುವುದಕ್ಕೆ ಭಾರತದ ಆಹಾರ ಸುರಕ್ಷತಾ ನಿಯಮದಲ್ಲೇ ಅವಕಾಶ ಇದೆ. ಹೈಡ್ರೋಸ್‌ನಿಂದ ಉಳಿಯುವ ಗಂಧಕದ ಡೈಆಕ್ಸೈಡ್‌ಗೆ ಮಾತ್ರ ಮಿತಿ ಇದೆ: ಹತ್ತು ಲಕ್ಷ ಭಾಗಕ್ಕೆ 70 ಭಾಗ. ಅದನ್ನು ಅಳೆಯುವುದು ಪ್ರಯೋಗಾಲಯದ ಕೆಲಸ. ಕಪ್ಪಗಿದ್ದರೆ ಶುದ್ಧ ಎಂಬುದೂ ಪೂರ್ತಿ ನಿಜವಲ್ಲ. ಬಂಗಾರದಂತೆ ಹೊಳೆಯುವ ಬೆಲ್ಲದ ಮೇಲೆ ಅನುಮಾನ ಪಡುವುದು ಸರಿ, ಆದರೆ ಸುಣ್ಣ ಹೆಚ್ಚಾದರೂ ತಳ ಹಿಡಿದರೂ ಬೆಲ್ಲ ಕಪ್ಪಾಗುತ್ತದೆ.

ಇನ್ನೊಂದು ಫಾರ್ವರ್ಡ್ ಇದಕ್ಕಿಂತ ಅಪಾಯಕಾರಿ. ಜೋನಿ ಬೆಲ್ಲ ನೈಸರ್ಗಿಕ, ಸಕ್ಕರೆ ಕಾಯಿಲೆಯವರೂ ತಿನ್ನಬಹುದು, ರಕ್ತ ಹೆಚ್ಚುತ್ತದೆ ಎನ್ನುವಂಥದ್ದು. ಮೇಲೆ ಹೇಳಿದ್ದನ್ನೇ ನೆನಪಿಸಿಕೊಳ್ಳಿ: ಈ ಪಾಕದಲ್ಲಿ ನೀರು ಬಿಟ್ಟರೆ ಉಳಿದದ್ದು ಬಹುಪಾಲು ಸಕ್ಕರೆ, ಗ್ಲೂಕೋಸ್, ಫ್ರಕ್ಟೋಸ್. ನೀರುದೋಸೆಗೆ ಒಂದು ಸಣ್ಣ ಸೌಟು, ಅಂದಾಜು 40 ಗ್ರಾಂ ಹಾಕಿಕೊಂಡರೆ ಅದರಲ್ಲಿ 25 ಗ್ರಾಂಗಿಂತ ಹೆಚ್ಚು ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ, ಆರೋಗ್ಯವಂತರಿಗೂ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಜೇನು, ಪಾಕ ಎಲ್ಲವೂ ಆ ಲೆಕ್ಕದೊಳಗೇ ಬರುತ್ತವೆ. ಕಬ್ಬಿಣಾಂಶದ ಮಾತೂ ಅಷ್ಟೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ಬೆಲ್ಲದಲ್ಲಿ ಇರುವುದು 5 ಮಿಲಿಗ್ರಾಂ ಆಸುಪಾಸು. ಹೆಂಗಸರಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ಬೆಲ್ಲದಿಂದಲೇ ಅಷ್ಟನ್ನು ತುಂಬಲು ಹೊರಟರೆ ದಿನಕ್ಕೆ ಅರ್ಧ ಕೆಜಿಗೂ ಹೆಚ್ಚು ತಿನ್ನಬೇಕು. ರಕ್ತಹೀನತೆ ಇರುವ ಮಗಳಿಗೆ ಮಾತ್ರೆ ತಪ್ಪಿಸಿ ಬೆಲ್ಲ ಕೊಡುವುದು, ಸಕ್ಕರೆ ಕಾಯಿಲೆಯ ಅಜ್ಜನಿಗೆ "ಇದು ಬೆಲ್ಲ ಅಲ್ಲವಾ" ಎಂದು ಬಡಿಸುವುದು, ಎರಡೂ ಬೇಡ. ರುಚಿಗೆ ತಿನ್ನಿ, ತೊಡದೇವು ಮಾಡಿ ಹಂಚಿ. ಔಷಧಿ ಎಂದು ಮಾತ್ರ ತಿನ್ನಬೇಡಿ.

ಇನ್ನು ಮನೆಯಲ್ಲಿ ಈಗಾಗಲೇ ಹರಳುಗಟ್ಟಿರುವ ಡಬ್ಬ ಇದ್ದರೆ ಅದನ್ನು ಎಸೆಯಬೇಕಿಲ್ಲ, ವಾಪಸ್ ಮಾಡಬೇಕೂ ಇಲ್ಲ. ಮುಚ್ಚಳ ಸಡಿಲ ಮಾಡಿ ಬಿಸಿನೀರಿನ ಪಾತ್ರೆಯೊಳಗಿಟ್ಟು ಕದಡಿದರೆ ಹರಳು ಕರಗುತ್ತದೆ. ತಣ್ಣಗಾದ ಮೇಲೆ ಮತ್ತೆ ಕಟ್ಟಬಹುದು, ಆಗಲಿ. ಮಳೆಗಾಲಕ್ಕೆ ಮುಂಚೆ ಸಣ್ಣ ಜಾಡಿಗಳಿಗೆ ಹಂಚಿಡಿ. ಆಷಾಢದ ತೇವದ ಗಾಳಿಯಲ್ಲಿ ಪದೇ ಪದೇ ತೆರೆದ ಡಬ್ಬ ಮೇಲುಭಾಗದಲ್ಲಿ ನೀರು ಹೀರಿಕೊಂಡು ಅಲ್ಲಿಂದಲೇ ಹುಳಿಯಲು ಶುರುವಾಗುತ್ತದೆ. ಒಳಗೆ ಹಾಕುವ ಸೌಟು ಒಣಗಿರಲಿ. ಬೂಷ್ಟು ಬಂದಿದ್ದರೆ ಮಾತ್ರ ಮೇಲಿನದನ್ನು ತೆಗೆದು ಉಳಿದದ್ದನ್ನು ತಿನ್ನಲು ಹೋಗಬೇಡಿ, ಪೂರ್ತಿ ಚೆಲ್ಲಿ.