ಹೊಡೆಯುವುದಿದ್ದರೆ ತೆಂಗಿನಕಾಯಿಗೆ ಹೊಡೆಯಿರಿ

ನಮ್ಮ ಕಾರ್ಕಳದ ಕಡೆ ಕೋವಿ ಇರುವ ಯಾವ ಮನೆಯ ಯಜಮಾನರನ್ನು ಬೇಕಾದರೂ ಕೇಳಿ ನೋಡಿ, ಉತ್ತರ ಒಂದೇ: “ಹಂದಿ ಕಾಟ ಮಾರಾಯ್ರೆ, ಬೆಳೆ ಉಳಿಯಬೇಕಲ್ಲ!” ಹಂದಿ ಕಾಟ ಸುಳ್ಳಲ್ಲ. ಮಾಳ, ಕೆರ್ವಾಶೆ, ಈದು ಕಡೆಗಳಲ್ಲಿ ಕುದುರೆಮುಖದ ಕಾಡು ಹಿತ್ತಿಲಿಗೇ ತಾಗಿಕೊಂಡಿದೆ. ಕಾಪುವಿನ ಗದ್ದೆಗಳಿಗೆ ಈಗ ನವಿಲುಗಳೂ ಇಳಿಯುತ್ತವೆ. ಆದರೆ ಆ ಯಜಮಾನರು ಕೇಪಿನ ಕೋವಿಯನ್ನು ಕೆಳಗಿಳಿಸಿ, ಎಣ್ಣೆ ಬಟ್ಟೆಯಿಂದ ಉಜ್ಜಿ, ಹೆಗಲಿಗೆ ಆನಿಸಿ ಒಂದು ಕಣ್ಣು ಮುಚ್ಚುವಾಗ ಅವರ ಮುಖ ನೋಡಬೇಕು. ಅದು ಬೆಳೆಯ ಚಿಂತೆಯ ಮುಖವಲ್ಲ, ಜಾತ್ರೆಗೆ ಹೊರಟ ಹುಡುಗನ ಮುಖ. ನನ್ನ ತಕರಾರು ಆ ಸಂತೋಷದ ಮೇಲಲ್ಲ. ಅದನ್ನು ಹೀಗೆ ಕಳ್ಳಮಾಲಿನಂತೆ ಬಚ್ಚಿಡುವುದರ ಮೇಲೆ.

ಈ ಕೋವಿಯಲ್ಲಿ ಸಂತೋಷವಿದೆ, ಯಾಕಿಲ್ಲ? ತೋಟಾ ಕೋವಿಯದ್ದು ಪೇಟೆಯ ಅವಸರ. ತೋಟಾ ತುಂಬು, ಹೊಡೆ, ಮುಗಿಯಿತು. ಕೇಪಿನ ಕೋವಿಗೆ ತಾಳ್ಮೆ ಬೇಕು. ಮದ್ದನ್ನು ಅಳೆದು ನಳಿಗೆಯ ಬಾಯಿಂದ ಸುರಿಯಬೇಕು, ತೆಂಗಿನ ನಾರು ತುರುಕಿ ಗಜದಿಂದ ಜಡಿಯಬೇಕು, ಚರೆ ಹಾಕಿ ಮತ್ತೆ ನಾರು, ಮತ್ತೆ ಗಜ. ಎಲ್ಲಕ್ಕೂ ಕೊನೆಗೆ ಕೇಪು. ಮದ್ದೆಂದರೆ ಬೇರೇನಲ್ಲ: ನೂರು ಪಾಲಿನಲ್ಲಿ 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಹೊಡೆದಾಗ ಚಟ್ ಅನ್ನುವುದಿಲ್ಲ, ಢಂ ಎನ್ನುತ್ತದೆ. ಬಿಳಿ ಹೊಗೆ ಮುಖದ ಮುಂದೆ ನಿಂತು, ತಾಗಿತೋ ಇಲ್ಲವೋ ನೋಡಲು ಒಂದು ಗಳಿಗೆ ಕಾಯಿಸುತ್ತದೆ. ಆ ಕಾಯುವಿಕೆಯಲ್ಲೇ ಅರ್ಧ ಸುಖ. ಅಮೆರಿಕ, ಯುರೋಪುಗಳಲ್ಲಿ ಇದೇ ಸುಖಕ್ಕಾಗಿ ಜನ 1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ಪೇಟೆಂಟ್ ಪಡೆದ ಮಾದರಿಯ ರಿವಾಲ್ವರುಗಳ ಹೊಸ ಪ್ರತಿಗಳನ್ನು ಮಾಡಿಸಿಕೊಂಡು ಹೊಡೆಯುತ್ತಾರೆ. ಗೂಡು ಗೂಡಿಗೂ ಮದ್ದು, ಗುಂಡು, ಹಿಂದೆ ಕೇಪು. ಒಂದರ ಬೆಂಕಿ ಪಕ್ಕದ ಗೂಡಿಗೆ ಹಾರದಿರಲಿ ಎಂದು ಗುಂಡಿನ ಮೇಲೆ ಕೊಬ್ಬು ಸವರುತ್ತಾರೆ. ಆರು ಗುಂಡು ಹಾರಿಸಲು ಅಷ್ಟು ಹೊತ್ತಿನ ತಯಾರಿ! ಬಾಯಿಂದ ಮದ್ದು ತುಂಬುವ ಕೋವಿಗಳಿಗೆಂದೇ 1971ರಲ್ಲಿ ಅಂತರರಾಷ್ಟ್ರೀಯ ಸಮಿತಿ ಹುಟ್ಟಿತು, ವಿಶ್ವ ಚಾಂಪಿಯನ್‌ಶಿಪ್ಪೂ ನಡೆಯುತ್ತದೆ. ಕಾಗದದ ಗುರಿಗೆ ಹೊಡೆದು, ಕೋವಿ ತೊಳೆದು, ಮನೆಗೆ ಹೋಗುತ್ತಾರೆ. ಯಾರೂ ಹಂದಿಯ ನೆಪ ಹೇಳುವುದಿಲ್ಲ.

ನಮ್ಮಲ್ಲಿ ನೆಪವನ್ನು ಕಾನೂನೇ ಕಲಿಸಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಮನ್ನು ಓದಿ. 20 ಇಂಚಿಗೆ ಕಡಿಮೆಯಿಲ್ಲದ ನಯ ನಳಿಗೆಯ ಕೋವಿಗೆ ಪರವಾನಿಗೆ ಕೊಡುವುದು ರಕ್ಷಣೆಗೆ ಅಥವಾ ಕ್ರೀಡೆಗೆ. ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಿಗೆ ಪ್ರಾಮಾಣಿಕ ಬೆಳೆ ರಕ್ಷಣೆಗೆ. ಅಂದರೆ ದುಡ್ಡಿದ್ದವನ ತೋಟಾ ಕೋವಿಗೆ ಆಟದ ಹಕ್ಕುಂಟು, ರೈತನ ಕೇಪಿನ ಕೋವಿಗೆ ದುಡಿಮೆ ಮಾತ್ರ! ಜಗತ್ತಿನ ಬೇರೆ ಕಡೆ ಯಾವುದು ಬರೀ ಆಟವಾಗಿ ಉಳಿದಿದೆಯೋ ಅದಕ್ಕೇ ಇಲ್ಲಿ ಆಟ ನಿಷಿದ್ಧ. ಆನಂದಪಡುವುದಕ್ಕೂ ಅಂತಸ್ತು ಬೇಕೆಂದು ಬರೆದವರು ಯಾರೋ, ಅವರು ಗದ್ದೆಯ ಬದುವಿನಲ್ಲಿ ನಡೆದವರಲ್ಲ.

ಘಟ್ಟ ಹತ್ತಿ ಕೊಡಗಿಗೆ ಹೋದರೆ ಮಾತೇ ಬೇರೆ. ಅಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿಯ ಪರವಾನಿಗೆಯಿಂದಲೇ ವಿನಾಯಿತಿ. 1861ರಿಂದ ಬಂದ ಈ ರಿವಾಜನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಅವರಿಗೆ ಯಾಕೆ, ನಮಗೆ ಯಾಕಿಲ್ಲ ಎಂಬ ಜಗಳ ನನ್ನದಲ್ಲ. ನಾನು ನೋಡುವುದು ಸೆಪ್ಟೆಂಬರಿನ ಕೈಲ್ ಮುಹೂರ್ತವನ್ನು. ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂವು ಮುಡಿಸಿ ಪೂಜಿಸುತ್ತಾರೆ. ಆಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ, ಹಗಲಲ್ಲಿ, ಊರವರೆಲ್ಲ ನೋಡುತ್ತಿರುವಾಗ. ಹೆಂಗಸರೂ ಹೊಡೆಯುತ್ತಾರೆ. ಕಾಯಿ ಒಡೆದರೆ ಚಪ್ಪಾಳೆ, ತಪ್ಪಿದರೆ ನಗು. ಖುಷಿಗೆ ಅಲ್ಲಿ ಒಂದು ದಿನ ಉಂಟು, ಒಂದು ಬಯಲು ಉಂಟು, ನೋಡುವ ಹಿರಿಯರು ಉಂಟು.

ನಮ್ಮಲ್ಲಿ ಇವು ಮೂರೂ ಇಲ್ಲದ್ದರಿಂದ ಖುಷಿ ರಾತ್ರಿ ಹೊರಡುತ್ತದೆ. ತಲೆಗೆ ಬ್ಯಾಟರಿ ಕಟ್ಟಿಕೊಂಡು ನಾಲ್ಕು ಮಂದಿ ಗುಡ್ಡಕ್ಕೆ ಹೋಗುತ್ತಾರೆ; ಸೋವಿಗೆ ಹತ್ತನೇ ಕ್ಲಾಸಿನ ಹುಡುಗನನ್ನೂ ಕರೆದುಕೊಳ್ಳುತ್ತಾರೆ. ಮರುದಿನ ಆ ಹುಡುಗ ಬೆಂಚಿನಲ್ಲಿ ತೂಕಡಿಸುವುದನ್ನು ನಾವು ಟೀಚರುಗಳು ನೋಡುತ್ತೇವೆ, ಯಾಕೆಂದು ಕೇಳದೆಯೂ ಗೊತ್ತಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಇದು ಬೇಟೆಯಲ್ಲ, ಅಪರಾಧ; ಪೈರು ತಿಂದ ಹಂದಿಯನ್ನೂ ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ. ಪೊದೆ ಅಲುಗಿತೆಂದು ಹೊಡೆದದ್ದು ಜೊತೆಗೆ ಬಂದವನಿಗೇ ತಾಗಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಎರಡು ಕಾಲಮ್ಮಿನ ಸುದ್ದಿ, ಅಷ್ಟೇ. ಆ ಮನೆಯ ಹೆಂಗಸಿಗೆ ಅದು ಎರಡು ಕಾಲಮ್ಮಲ್ಲ.

ಇನ್ನೊಂದು ಅಪಾಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೇಪಿನ ಕೋವಿಯನ್ನು ತುಂಬುವುದು ಸುಲಭ, ಬರಿದು ಮಾಡುವ ಸುಲಭದ ದಾರಿಯೆಂದರೆ ಹೊಡೆಯುವುದೊಂದೇ. ಹಂದಿ ಬಾರದ ರಾತ್ರಿ ತುಂಬಿದ ಕೋವಿ ಹಾಗೆಯೇ ಮೂಲೆ ಸೇರುತ್ತದೆ. “ಕೇಪು ತೆಗೆದಿದ್ದೇನೆ, ಹೆದರಬೇಡ” ಎನ್ನುತ್ತಾರೆ ಮನೆಯವರು. ಕೇಪು ಎಲ್ಲಿಟ್ಟಿದ್ದಾರೆಂದು ಮಕ್ಕಳಿಗೆ ಗೊತ್ತಿಲ್ಲವೇ? ಹೊಡೆದ ಮೇಲೂ ಕೆಲಸವಿದೆ: ಮದ್ದಿನ ಕಿಟ್ಟ ನೀರು ಹೀರುತ್ತದೆ, ನಮ್ಮ ಆಟಿಯ ಮಳೆಗೆ ಬಿಸಿನೀರಲ್ಲಿ ತೊಳೆದು ಒಣಗಿಸದ ನಳಿಗೆ ತುಕ್ಕು ಹಿಡಿದು ತೆಳುವಾಗುತ್ತದೆ. ಕೇಪು ಹೊಡೆದೂ ಮದ್ದು ಹತ್ತದಿದ್ದರೆ ನಳಿಗೆಯ ಬಾಯಿ ಗುರಿಯ ಕಡೆಗೇ ಇಟ್ಟು ಕಾಯಬೇಕು, ಒಳಗೆ ಇಣುಕಬಾರದು. ಇದನ್ನೆಲ್ಲ ಕತ್ತಲ ಗುಡ್ಡದಲ್ಲಿ ಕಲಿಸುವವರು ಯಾರು?

“ಟೀಚರ್, ಅಹಿಂಸೆಯ ಪಾಠ ಮಾಡುವ ನೀವು ಕೋವಿಯ ಪರವೇ?” ಎಂದು ಮಣಿಪಾಲದ ಸ್ನೇಹಿತೆಯೊಬ್ಬರು ಹುಬ್ಬೇರಿಸಿದರು. ಅವರು ಪ್ರತಿವರ್ಷ ಪುತ್ತೂರು ಜಾತ್ರೆಯ ಬೆಡಿ ನೋಡಲು ಕಾರು ಮಾಡಿಕೊಂಡು ಹೋಗುವವರು! ನಮ್ಮ ಜನಕ್ಕೆ ಮದ್ದಿನ ಸದ್ದು, ಹೊಗೆಯ ವಾಸನೆ ಎಂದರೆ ಪ್ರಾಣ. ದೇವರ ಬಲಿ ಹೊರಟರೆ ಗರ್ನಾಲು ಬೇಕೇ ಬೇಕು. ಅಲ್ಲಿಯೂ ಅಪಾಯವಿಲ್ಲವೆಂದಲ್ಲ, 2024ರ ಜನವರಿಯಲ್ಲಿ ವೇಣೂರು ಬಳಿಯ ಪಟಾಕಿ ತಯಾರಿಕೆಯ ಜಾಗದಲ್ಲಿ ಮೂವರು ಸತ್ತರು. ಅಪಾಯದ ವಸ್ತು ಎಂಬ ಕಾರಣಕ್ಕೇ ಅದನ್ನು ಕತ್ತಲಿಗೆ ಬಿಡಬಾರದು ಎನ್ನುತ್ತೇನೆ. ತೆಂಗಿನಕಾಯಿಗೆ ಹೊಡೆಯುವುದರಲ್ಲಿ ಹಿಂಸೆ ಎಲ್ಲಿದೆ? ದೇವಸ್ಥಾನದಲ್ಲಿ ಒಡೆದರೆ ಪುಣ್ಯ, ಬಯಲಲ್ಲಿ ಒಡೆದರೆ ಪಾಪವೇ?

ಕೋವಿಯ ಮೇಲಿನ ಸರಕಾರದ ಕಾಳಜಿ ಕಾಣುವುದು ಚುನಾವಣೆ ಬಂದಾಗ. 2023ರ ವಿಧಾನಸಭೆಗೂ 2024ರ ಲೋಕಸಭೆಗೂ ಬೆಳೆಗಾರರು ಬೆಳೆ ಕಾಯುವ ಕೋವಿಯನ್ನು ಹೊತ್ತು ಠಾಣೆಗೆ ಇಟ್ಟು ಬಂದರು. ಮತದಾನವಾಗುವವರೆಗೆ ಹಂದಿಗೆ ನೀತಿಸಂಹಿತೆ ಇರಲಿಲ್ಲ. ಗಂಡ ಮುಂಬಯಿಯಲ್ಲೋ ದುಬೈಯಲ್ಲೋ ಇದ್ದು, ತೋಟ ನೋಡಿಕೊಳ್ಳುವುದೆಲ್ಲ ಹೆಂಡತಿಯೇ ಆದರೂ ಪರವಾನಿಗೆ ಗಂಡನ ಹೆಸರಿನಲ್ಲಿ, ಅವಳು ಕೋವಿ ಮುಟ್ಟುವಂತಿಲ್ಲ. ಇದರ ಬಗ್ಗೆ ಯಾವ ಪಕ್ಷದವರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಉಡುಪಿಯಿಂದ ಕಾಪುವಿನವರೆಗೆ ಕೆಂಪು ಕಲ್ಲು ತೆಗೆದು ಬಿಟ್ಟ ಕೋರೆಗಳು ಎಷ್ಟು ಬಿದ್ದಿವೆ! ಮೂರು ಕಡೆ ಎತ್ತರದ ಗೋಡೆ, ಒಂದು ಕಡೆ ದಾರಿ. ಎದುರಿನ ಗೋಡೆಗೆ ಎರಡಾಳು ಮಣ್ಣು ಏರಿಸಿದರೆ ಚರೆ ಆಚೆ ಹೋಗದು. ತಾಲೂಕಿಗೊಂದು ಕೋರೆ ಗೊತ್ತುಮಾಡಿ, ಮಳೆಗಾಲ ಬಿಟ್ಟು ತಿಂಗಳಿಗೊಂದು ಭಾನುವಾರ, ಪೊಲೀಸರ ಎದುರಿಗೇ ಕಾಯಿಗೆ ಹೊಡೆಯಲಿ. ಅದಕ್ಕೆ 13ನೇ ಕಲಮಿಗೆ ‘ಕ್ರೀಡೆ’ ಎಂಬ ಒಂದು ಶಬ್ದ ಸೇರಬೇಕು. 2019ರಲ್ಲಿ ಇದೇ ಕಾಯಿದೆಯನ್ನು ತಿದ್ದಿ, ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿದರು, ಪರವಾನಿಗೆಯ ಅವಧಿಯನ್ನು ಐದು ವರ್ಷ ಮಾಡಿದರು. ಅಷ್ಟು ತಿದ್ದಿದವರಿಗೆ ಈ ಒಂದು ಶಬ್ದ ಭಾರವೇನಲ್ಲ. ಅರ್ಜಿ ಬರೆದುಕೊಡಲು ನಾನು ತಯಾರು. ಸಹಿ ಹಾಕಲು ಕೋವಿ ಇರುವ ಯಜಮಾನರು ಹಗಲಲ್ಲಿ ಬರಬೇಕು, ಹೆಂಡತಿಯರನ್ನೂ ಕರೆದುಕೊಂಡು.